ಏರಿನಲ್ಲಿ ಉರಿದ ಕೆಂಪು ದೀಪ

ಹೊಳೆಯ ದಂಡೆಯ ಮಠಕ್ಕೆ ಭಕ್ತರೊಬ್ಬರು ಪಿಕಪ್ ಗಾಡಿಯೊಂದನ್ನು ಕೊಟ್ಟಿದ್ದರು. ಅದಕ್ಕೆ ಕ್ಲಚ್ ಇರಲಿಲ್ಲ. ಗೇರು ತಾನಾಗಿಯೇ ಬದಲಾಗುತ್ತಿತ್ತು.

ನಡೆಸುವವನು ಕೊಟ್ರಯ್ಯ. ಮಠಕ್ಕೆ ಬರುವ ಮೊದಲು ಅರ್ಧ ಆಯುಷ್ಯ ಲಾರಿ ಹೊಡೆದವನು. ಗುಡ್ಡದಾಚೆಯ ಆಸ್ಪತ್ರೆಗೆ ರೋಗಿಗಳನ್ನು ಮುಟ್ಟಿಸುವುದೇ ಗುರುಗಳು ಅವನಿಗೆ ಕೊಟ್ಟ ಪೂಜೆ.

ಆ ಪೂಜೆ ಈಗ ಕೆಟ್ಟಿತ್ತು. ಗುಡ್ಡದ ಏರಿನ ನಡುವೆ ಗೇರ್‌ಬಾಕ್ಸ್ ಕಾದು ಬಿಸಿಯಾಗುತ್ತಿತ್ತು. ಸ್ಟೇರಿಂಗಿನ ಮುಂದೆ ಎಚ್ಚರಿಕೆಯ ಹಳದಿ ದೀಪ ಹತ್ತುತ್ತಿತ್ತು, ಸೀದ ಎಣ್ಣೆಯ ವಾಸನೆ ಬರುತ್ತಿತ್ತು, ಗಾಡಿ ಬಲ ಕಳೆದುಕೊಂಡು ನಿಲ್ಲುತ್ತಿತ್ತು.

ಹಿಂದಿನ ಸಲ ನಿಂತಾಗ ಒಳಗೆ ನೀಲವ್ವ ಇದ್ದಳು. ಎರಡೂ ಮೂತ್ರಪಿಂಡ ಸೋತ ಮುದುಕಿ. ಗಾಡಿ ಆರುವವರೆಗೆ ಬಿಸಿಲಲ್ಲಿ ಕಲ್ಲಿನ ಮೇಲೆ ಕೂತಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಡಯಾಲಿಸಿಸ್ ಸರದಿ ಕೈತಪ್ಪಿತ್ತು. ಅಂದಿನಿಂದ ಕಾಲು ಬಾತಿವೆ. ಮಲಗಿದರೆ ಉಸಿರಾಡಲು ಆಗುವುದಿಲ್ಲ. ಇನ್ನೊಂದು ಸರದಿ ತಪ್ಪಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಬಸ್ಸು ಹತ್ತಿ ಇಳಿಯುವ ತ್ರಾಣ ಅವಳಿಗಿರಲಿಲ್ಲ.

ಸರದಿ ನಾಳೆ ಬೆಳಿಗ್ಗೆ.

ಸಂಜೆ ಕೊಟ್ರಯ್ಯ ಗುರುಗಳ ಮುಂದೆ ಬಂದು ನಿಂತ. ಮಠದಲ್ಲಿ ಅವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

"ಅಜ್ಜಾರ, ಈ ಗಾಡಿ ಕೊಟ್ಟವರಿಗೇ ತಿರುಗಿ ಕೊಟ್ಟುಬಿಡೋಣ್ರಿ. ಇದು ನಮ್ಮ ಗುಡ್ಡಕ್ಕ ಹುಟ್ಟಿದ್ದಲ್ಲ."

"ಏನೇನು ನೋಡಿದಿ?"

"ಎಲ್ಲಾ ನೋಡೀನ್ರಿ. ಎಣ್ಣಿ ಕರ್ರಗಾಗಿತ್ತು, ಹೊಸಾದು ಹಾಕೀನಿ. ಅಳತಿ ಸರಿ ಐತಿ. ಎಣ್ಣಿ ತಂಪು ಮಾಡೋ ಜಾಳಿಗಿಯೊಳಗ ಮಣ್ಣು, ಹುಲ್ಲು ಕೂತಿತ್ತು, ತೊಳದೀನಿ. ಕೊಳವಿ ಎಲ್ಲೂ ಕಟ್ಟಿಲ್ಲ, ಸೋರಿಲ್ಲ. ಗಾಲಿ ಎತ್ತಿ ತಿರುವಿ ನೋಡೀನಿ, ಹಗುರಾಗಿ ತಿರುಗತಾವ. ಪ್ಯಾಟಿ ಮೇಸ್ತ್ರಿನೂ ನೋಡ್ಯಾನ."

"ಮೇಸ್ತ್ರಿ ಏರು ಹತ್ತಿಸಿದ್ದನೇನು?"

"ಹತ್ತಿಸಿದ್ದ. ಅವ ಹತ್ತಿಸಿದಾಗ ಕಾಯಲೇ ಇಲ್ಲ."

ಗುರುಗಳು ಅವನ ಮುಖ ನೋಡಿದರು.

"ಖಾಲಿ ಗಾಡಿ ಒಯ್ದ್ರ ಯಾಕ ಕಾದೀತ್ರಿ!" ಎಂದ ಕೊಟ್ರಯ್ಯ.

"ಭಾರ ಇದ್ರ ಯಾಕ ಕಾಯ್ತೈತಿ?"

ಕೊಟ್ರಯ್ಯ ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು ತೋರಿಸಿದ. "ಇಂಜಿನ್ ಕಡೆ ಒಂದು ತಟ್ಟಿ, ಗಾಲಿ ಕಡೆ ಒಂದು ತಟ್ಟಿ ಇದ್ದಂಗ್ರಿ. ನಡುವ ಎಣ್ಣಿ. ಇದು ತಿರುಗಿ, ಎಣ್ಣಿ ದೂಡಿ, ಅದನ್ನ ತಿರುಗಸ್ತೈತಿ. ಇದು ತಿರುಗಾಕ ಹತ್ತಿ ಅದು ತಿರುಗದಿದ್ರ, ನಡುವಿನ ಎಣ್ಣಿ ಬೇಯ್ತೈತಿ."

"ಅದನ್ನ ತಿರುಗಗೊಡದವರು ಯಾರು?"

"ಗುಡ್ಡ, ಅಜ್ಜಾರ."

ಗುರುಗಳು ಎದ್ದರು. "ಹಂಗಾದ್ರ ಗುಡ್ಡಾನೇ ಕೇಳೋಣ, ನಡಿ."

ದಾಸೋಹದ ಅಕ್ಕಿ ಚೀಲಗಳನ್ನು ರೋಗಿಗಳ ಭಾರದಷ್ಟು ಹೇರಿದರು. ಗುರುಗಳು ಹಿಂದೆ ಹತ್ತಿ, ಚೀಲದ ಮೇಲೆ, ಬಂದ ದಾರಿಗೆ ಮುಖ ಮಾಡಿ ಕೂತರು.

"ಮುಂದ ಬರ್ರಿ ಅಜ್ಜಾರ. ಅಲ್ಲಿ ಧೂಳು."

"ಮುಂದ ನೋಡಾಕ ನೀ ಇದ್ದೀಯಲ್ಲ."

ಹೊತ್ತು ಮುಳುಗಿತ್ತು. ಗಾಡಿ ಏರು ಹಿಡಿಯಿತು. ಅರ್ಧ ದಾರಿಯಲ್ಲಿ ಹಳದಿ ದೀಪ ಹತ್ತಿತು. ಸೀದ ವಾಸನೆ ಬಂತು.

ಕೊಟ್ರಯ್ಯ ಗಾಡಿ ಬದಿಗೆ ಹಾಕಿ ಇಳಿದ. "ನೋಡಿದ್ರ್ಯಾ? ನಾ ಹೇಳಿದ್ದೆ ಇಲ್ಲೋ? ಗಾಡಿನೇ ಸರಿ ಇಲ್ರಿ."

ತನ್ನ ದನಿಯಲ್ಲಿ ಸಣ್ಣದೊಂದು ಸಂತೋಷವಿರುವುದು ಅವನಿಗೇ ಕೇಳಿಸಿತು. ನಾಚಿಕೆಯಾಯಿತು.

ಗುರುಗಳು ಹೇಳಿದರು: "ಏರು ಸುರುವಾದಾಗಿಂದ ಹಿಂದಿನ ರಸ್ತೆ ಕೆಂಪಗಿತ್ತು."

"ಹೊತ್ತು ಮುಳುಗೇತಲ್ರಿ, ಅದಕ್ಕ."

"ಹೊತ್ತು ಮುಳುಗಿದ್ದು ಆ ಕಡೆ."

ಕೊಟ್ರಯ್ಯ ಹಿಂದೆ ಹೋಗಿ ನೋಡಿದ. "ಬ್ರೇಕಿನ ದೀಪ ಇರಬೇಕ್ರಿ. ಆದ್ರ ಅದು ಬ್ರೇಕ್ ತುಳಿದ್ರಷ್ಟೇ ಹತ್ತೂದು. ಏರಿನ್ಯಾಗ ಯಾವನು ಬ್ರೇಕ್ ತುಳೀತಾನ? ವೈರು ಎಲ್ಲೋ ಒಂದಕ್ಕೊಂದು ತಾಗೇತಿ."

ಮಂಡಿಯೂರಿ, ವೈರು ಎಳೆದು ನೋಡಿದ. ದೀಪ ಆರಿಯೇ ಇತ್ತು.

"ಅಜ್ಜಾರ, ಆ ಪೆಡಲ್ ಒಂಚೂರು ಒತ್ತರಿ."

ಗುರುಗಳು ಬಗ್ಗಿ ಕೈಯಿಂದ ಒತ್ತಿದರು. ದೀಪ ಹತ್ತಿತು. ಬಿಟ್ಟರು. ಆರಿತು.

"ವೈರೂ ಸರಿ ಐತ್ರಿ," ಎಂದ ಕೊಟ್ರಯ್ಯ. "ಮತ್ತ ಹೆಂಗ ಹತ್ತಿತ್ತು?"

ಗುರುಗಳು ಗಾಡಿ ಆರಲಿ ಎಂದು ಕಾದರು. ಆರಿದ ಮೇಲೆ ಅವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಹೆಗಲ ಮೇಲಿನ ಕಾವಿ ಶಲ್ಯ ತೆಗೆದು, ನೆಲಕ್ಕೆ ಕೂತು, ಅವನ ಎಡಗಾಲು ಹಿಡಿದರು.

ಕೊಟ್ರಯ್ಯ ಬೆಂಕಿ ತಾಕಿದವನಂತೆ ಕಾಲೆಳೆದುಕೊಂಡ. "ಅಜ್ಜಾರ! ನನ್ನ ಕಾಲು ನೀವು ಮುಟ್ಟಬ್ಯಾಡ್ರಿ!"

"ಸುಮ್ನ ಕುಂದ್ರು."

ಅವರು ಆ ಕಾಲನ್ನು ಸೀಟಿನ ಕೆಳಗಿನ ಕಬ್ಬಿಣದ ಪಟ್ಟಿಗೆ ಬಿಗಿದು ಕಟ್ಟಿದರು.

ಅವಮಾನದಿಂದ ಅವನ ಕಿವಿ ಬಿಸಿಯಾದವು. ದೇಶವೆಲ್ಲ ಲಾರಿ ತಿರುಗಿಸಿದವನು! "ನಾ ಏನ್ ಹೋರಿ ಏನ್ರಿ, ಕಟ್ಟಾಕ?"

"ಹೋರಿಗಾದ್ರ ತನ್ನ ಕಾಲು ಎಲ್ಲೈತಿ ಅಂತ ಗೊತ್ತಿರತೈತಿ. ಕೆಳಗ ಇಳಿಸಿ, ಬುಡದಿಂದ ಮತ್ತ ಹತ್ತಿಸು."

ಇಳಿದರು. ತಿರುಗಿ ಏರು ಹಿಡಿದರು.

ಮೊದಲ ತಿರುವು. ಬಲಗಾಲು ಆಕ್ಸಿಲರೇಟರ್ ಒತ್ತಿತು. ಅದೇ ಗಳಿಗೆ ಎಡಗಾಲಿಗೆ ಕಟ್ಟಿದ ಶಲ್ಯ ಜಗ್ಗಿತು.

ಕೊಟ್ರಯ್ಯ ತಗ್ಗಿ ನೋಡಿದ.

ಮುಂದಿನ ತಿರುವು. ಮತ್ತೆ ಜಗ್ಗಿತು. ಅವನು ಕಾಲಿಗೆ ಏನೂ ಹೇಳಿರಲಿಲ್ಲ. ಅದು ತಾನೇ ಮುಂದೆ ಸರಿದು, ಬಟ್ಟೆಗೆ ಸಿಕ್ಕಿ, ನಿಂತಿತ್ತು.

ಇಷ್ಟು ವರ್ಷ ಅದು ಕ್ಲಚ್ಚಿನ ಮೇಲೆ ಇದ್ದ ಕಾಲು. ಇಲ್ಲಿ ಕ್ಲಚ್ ಇಲ್ಲ. ಹುಡುಕುತ್ತ ಹೋಗಿ ಬ್ರೇಕಿನ ಮೇಲೆ ಕೂತಿತ್ತು. ಗಾಡಿ ನಿಲ್ಲುವಷ್ಟು ಒತ್ತಿರಲಿಲ್ಲ. ಸುಮ್ಮನೆ ಭಾರ ಬಿಟ್ಟಿತ್ತು. ಬಲಗಾಲು ನೂಕುತ್ತಿತ್ತು, ಎಡಗಾಲು ಹಿಡಿಯುತ್ತಿತ್ತು. ನಡುವೆ ಎಣ್ಣೆ ಬೇಯುತ್ತಿತ್ತು.

ಗುಡ್ಡದ ನೆತ್ತಿ ಬಂತು. ಹಳದಿ ದೀಪ ಹತ್ತಲಿಲ್ಲ.

ಕೊಟ್ರಯ್ಯ ಇಂಜಿನ್ ಆರಿಸಿ, ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಕೂತ. ಗುರುಗಳು ಹಿಂದಿನಿಂದ ಇಳಿದು ಬಂದು ಶಲ್ಯ ಬಿಚ್ಚಿದರು.

ಬೆಳಿಗ್ಗೆ ಶಲ್ಯವನ್ನು ಅವನೇ ಕಟ್ಟಿಕೊಂಡ. ನೀಲವ್ವನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಗುರುಗಳು ಹಿಂದೆ ಹತ್ತಿದರು.

ನೀಲವ್ವ ಏದುಸಿರು ಬಿಡುತ್ತಲೇ ಅವನ ಕಾಲು ನೋಡಿದಳು. "ಇದೇನಪ್ಪಾ, ಅಜ್ಜಾರು ನಿನ್ನ ಕಟ್ಟಿ ಹಾಕ್ಯಾರ? ಮಠ ಬಿಟ್ಟು ಓಡಿ ಹೊಂಟಿದ್ದೇನು?"

ಅವನಿಗೆ ನಗು ಬರಲಿಲ್ಲ.

ಹಿಂದಿನ ಸಲ ಅವಳು ಕೂತಿದ್ದ ಕಲ್ಲು ಬಂತು. ಗಾಡಿ ಅದನ್ನು ದಾಟಿ ಮೇಲೇರಿತು.

"ಅಲ್ಲೇ ಹೇಳಿದ್ದೆ ನಿನಗ," ಎಂದಳು. "ನಿನ್ನ ತಪ್ಪಲ್ಲ ಮಗನ, ಗಾಡಿ ತಪ್ಪು ಅಂತ. ಈಗ ರಿಪೇರಿ ಆತಲ್ಲ. ಏನಾಗಿತ್ತು ಅದಕ್ಕ?"

ಏನಾದರೂ ಒಂದು ಹೇಳಬಹುದಿತ್ತು. ಎಣ್ಣೆ ಎನ್ನಬಹುದಿತ್ತು, ಕೊಳವೆ ಎನ್ನಬಹುದಿತ್ತು. ಮುದುಕಿಗೆ ಏನು ತಿಳಿಯುತ್ತದೆ?

"ಗಾಡಿಗೆ ಏನೂ ಆಗಿರಲಿಲ್ಲ ಅವ್ವ," ಎಂದ. "ನನ್ನ ಕಾಲು ಬ್ರೇಕಿನ ಮ್ಯಾಲಿತ್ತು. ನನಗ ಗೊತ್ತಿರಲಿಲ್ಲ."

ನೀಲವ್ವ ಮತ್ತೆ ಅವನ ಕಾಲಿನ ಗಂಟು ನೋಡಿದಳು.

"ಈಗ ಇಲ್ಲಲ್ಲ?"

"ಇಲ್ಲವ್ವ."

"ಹಂಗಾದ್ರ ನಡಸು."

ಆಸ್ಪತ್ರೆಯಲ್ಲಿ ನರ್ಸಮ್ಮ ಅವಳನ್ನು ಗಾಲಿಕುರ್ಚಿಯಲ್ಲಿ ಒಳಗೆ ಕರೆದೊಯ್ದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಮಷೀನು ಹಚ್ಚಿದ್ದೇವೆ, ಗಾಬರಿ ಇಲ್ಲ ಎಂದು ಹೇಳಿ ಹೋದಳು.

ಆಗ ಕೊಟ್ರಯ್ಯ ಪಡಸಾಲೆಯಲ್ಲಿ ಗುರುಗಳ ಮುಂದೆ ನೆಲಕ್ಕೆ ಕುಸಿದ.

"ಅಜ್ಜಾರ, ಇನ್ನ ಆ ಗಾಡಿ ನಾ ಮುಟ್ಟೂದಿಲ್ರಿ. ಬ್ಯಾರೆ ಯಾರನ್ನಾದ್ರೂ ನೋಡ್ರಿ."

"ಗಾಡಿ ಸರಿ ಐತಿ. ನೀಲವ್ವ ಒಳಗದಾಳ. ಮತ್ಯಾಕ?"

"ಅವತ್ತು ಆಕಿನ್ನ ಬಿಸಿಲಿಗೆ ಕುಂದರಿಸಿದವ ನಾ. ಕುಂದರಿಸಿ ಗಾಡಿಗೆ ಬೈದೆ, ಕೊಟ್ಟವರಿಗೆ ಬೈದೆ, ಗುಡ್ಡಕ್ಕ ಬೈದೆ. ಆಕಿ ನನಗ ಸಮಾಧಾನ ಹೇಳಿದ್ಲು. ಇನ್ನ ಆ ಸೀಟಿನ ಮ್ಯಾಲೆ ಕುಂದ್ರೂ ಯೋಗ್ಯತಿ ನನಗಿಲ್ರಿ."

"ಆಕಿದು ಮುಂದಿನ ಸರದಿ ಯಾವಾಗ?"

"ಗುರುವಾರ್ರಿ."

"ಗುರುವಾರ ಆಕಿ ಇಲ್ಲಿ ಮುಟ್ಟಬೇಕಂತ ನಿನ್ನ ಮನಸಿನ್ಯಾಗ ಐತೋ, ಇಲ್ಲೋ?"

"ಐತ್ರಿ!" ಕೊಟ್ರಯ್ಯ ತಲೆಯೆತ್ತಿದ. "ಅದಕ್ಕ ನನ್ನ ಜೀವ ಬೇಕಾದ್ರೂ ಕೊಡ್ತೀನ್ರಿ."

ಗುರುಗಳು ಬಗ್ಗಿ ಅವನ ತೋಳು ಹಿಡಿದು ಎಬ್ಬಿಸಿದರು.

"ಹಂಗಾದ್ರ ಬ್ರೇಕಿನ ಮ್ಯಾಲಿಂದ ಎಡಗಾಲು ತಗಿ, ಕೊಟ್ರಯ್ಯ."