ಬಾವು ಐತೋ ಇಲ್ಲೋ

ಹೊಳೆ ದಂಡೆಯ ಮಠದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಓದುವ ವಿದ್ಯೆ ಕಲಿಸುತ್ತಿದ್ದವರು ಡಾಕ್ಟರ್ ಗಂಗಾಂಬಿಕೆ. ಅವರ ಶಿಷ್ಯ ಚನ್ನವೀರ. ಕಣ್ಣು ಚುರುಕು, ಕೈ ಚುರುಕು, ಬಾಯಂತೂ ಕೇಳಲೇಬೇಡಿ!

ಅವತ್ತು ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆನ್ನುಮೂಳೆ, ಸೊಂಟದ ಕೀಲುಗಳ ವಾತಕ್ಕೆ ಇನ್ನು ಮೇಲೆ ಎಲ್ಲರೂ ಒಂದೇ ರೀತಿ ರಿಪೋರ್ಟ್ ಬರೆಯಬೇಕೆಂದು ಗುರುಗಳು ಹೇಳಿಬಿಟ್ಟಿದ್ದರು. ಬಾವು ಇದೆಯೇ, ಮೂಳೆ ತಿಂದುಹೋಗಿದೆಯೇ, ಕೀಲು ಬೆಸೆದು ಒಂದಾಗಿದೆಯೇ, ನಿನ್ನ ಅಭಿಪ್ರಾಯವೇನು. ಅಷ್ಟೇ.

"ಇದೇನ್ರಿ ಮೇಡಂ! ಸಾಲಿ ಹುಡುಗರಿಗೆ ಬಿಟ್ಟ ಸ್ಥಳ ತುಂಬಿ ಅಂದಂಗಾತು," ಎಂದು ಚನ್ನವೀರ ರೇಗಿದ.

ಗುರುಗಳು ಹೊರಗೆ ಕಾಯುತ್ತಿದ್ದ ನೀಲವ್ವನನ್ನು ಕರೆದರು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಂಗಸು, ಇನ್ನೂ ಸಣ್ಣ ವಯಸ್ಸು. ಗೋಡೆ ಹಿಡಿದು ಬಂದಳು.

"ಹೋದ ವರ್ಷ ಈಕಿ ಸ್ಕ್ಯಾನ್ ಓದಿದಾಂವ ನೀನ. ಬರೆದದ್ದನ್ನ ಓದಿ ಹೇಳು."

ಚನ್ನವೀರ ಗತ್ತಿನಿಂದಲೇ ಓದಿದ. "ಸೊಂಟದ ಕೀಲುಗಳ ಅಂಚಿನಲ್ಲಿ ಸೂಕ್ಷ್ಮ ಬದಲಾವಣೆಗಳ ಛಾಯೆ ಗೋಚರಿಸುತ್ತದೆ. ರೋಗಲಕ್ಷಣಗಳೊಂದಿಗೆ ತಾಳೆ ನೋಡುವುದು."

ನೀಲವ್ವ ಕಣ್ಣು ಪಿಳಿಪಿಳಿ ಬಿಟ್ಟಳು. "ಅಂದ್ರ ರೋಗ ಐತೋ ಇಲ್ಲೋ, ಯಪ್ಪಾ? ಎಲುಬಿನ ಡಾಕ್ಟರು ಇದನ್ನ ಓದಿ, ಏನೂ ಇಲ್ಲ ತಂಗಿ ಅಂತ ನೋವಿನ ಗುಳಿಗಿ ಕೊಟ್ಟು ಕಳಿಸಿದ್ರು. ಈಗ ಮುಂಜಾನೆ ಎದ್ದು ಕೂಸಿನ್ನ ಎತ್ಕೊಳ್ಳಾಕೂ ಆಗವಲ್ದು."

ಗುರುಗಳು ಹಳೆಯ ಚಿತ್ರ, ಇವತ್ತಿನ ಚಿತ್ರ ಎರಡನ್ನೂ ಪರದೆಯ ಮೇಲೆ ಪಕ್ಕಪಕ್ಕ ಇಟ್ಟರು.

"ಹಳೇದ್ರಾಗ ಏನ್ ಕಾಣತೈತಿ?"

"ಬಾವು."

"ಅವತ್ತು ಕಂಡಿದ್ದಿಲ್ಲೇನು?"

"ಕಂಡಿತ್ರಿ." ದನಿ ಇಳಿಯಿತು. "ಬಾವು ಅಂತ ಬರೆದು ನಾಳೆ ಸುಳ್ಳಾದ್ರ, ನನ್ನ ತಲಿಮ್ಯಾಲೆ ಬರತೈತಿ ಅಂತ…"

ಇವತ್ತಿನ ಚಿತ್ರದಲ್ಲಿ ಕೀಲಿನ ಅಂಚು ಇಲಿ ಕಡಿದಂತೆ ತಿಂದುಹೋಗಿತ್ತು. ಚನ್ನವೀರನಿಗೆ ನೀಲವ್ವನ ಮುಖ ನೋಡಲು ನಾಚಿಕೆಯಾಯಿತು.

ತಡಮಾಡದೆ ಬರೆದ. ಬಾವು ಇದೆ. ಮೂಳೆ ತಿಂದುಹೋಗಿದೆ. ಕೀಲು ಬೆಸೆದಿಲ್ಲ. ಬೆನ್ನುಮೂಳೆಯ ವಾತವೇ ಇದು.

"ಕೀಲು ಇನ್ನೂ ಬೆಸೆದಿಲ್ಲವ್ವಾ," ಎಂದರು ಗುರುಗಳು ನೀಲವ್ವನಿಗೆ. "ಇವತ್ತ ಔಷಧ ಸುರು ಮಾಡಿದ್ರ ತಡೀಬಹುದು. ಹೋಗು, ಎಲುಬಿನ ಡಾಕ್ಟರಿಗೆ ಈ ರಿಪೋರ್ಟ್ ತೋರಿಸು."

ಆಕೆ ಹೋದಳು. ಚನ್ನವೀರ ಎದ್ದ, ಕೂತ, ಮತ್ತೆ ಎದ್ದ. ಸಮಾಧಾನವಿಲ್ಲ.

"ತಪ್ಪು ನಂದ, ಒಪ್ಪಿದೆ. ಆದ್ರ ಎಲ್ಲಾರೂ ಅವ ನಾಕು ಮಾತು ಬರಿಯೋದಾದ್ರ, ಇಲ್ಲಿ ನಾನ ಯಾಕ ಬೇಕ್ರಿ?"

ಗುರುಗಳು ಮುಂದಿನ ರೋಗಿಯ ಚಿತ್ರವನ್ನು ಪರದೆಗೆ ತಂದರು.

"ನೋಡಾಕ."