ಗಾಣದ ಜೋತಪ್ಪ ಕಾರಿನ ಒಗಟು ಬಿಡಿಸಿದ್ದು

"ಕೇಳ್ರಪ್ಪೋ ಕೇಳಿ! ಅರಸರ ಮಗಳು ಪದ್ಮಲೆ ಅಮ್ಮಣ್ಣಿಯೋರು ಮೋಟಾರು ಕಾರಿನ ಮೇಲೆ ಮೂರು ಒಗಟು ಕಟ್ಟವ್ರೆ. ಮೂರನ್ನೂ ಬಿಡಿಸಿದೋನಿಗೆ ಅಮ್ಮಣ್ಣಿಯೋರ ಜೊತೆ ಮದುವೆ. ಒಂದು ತಪ್ಪಿದ್ರೂ ಶುಕ್ರವಾರ ತಲೆ ಹೋಗ್ತದೆ!"

ಹೀಗೆ ತಮಟೆ ಬಡಿಯುತ್ತ ಸಾರುವವನು ಕೆಂಪಗಿರಿಯ ಬೀದಿ ಬೀದಿ ಸುತ್ತಿದ. ಆ ಸಂಸ್ಥಾನಕ್ಕೆಲ್ಲ ಇದ್ದದ್ದು ಒಂದೇ ಕಾರು. ಪದ್ಮಲೆ ಅದರ ಎಂಜಿನ್ನನ್ನು ತಾನೇ ಬಿಚ್ಚಿ, ತಾನೇ ಜೋಡಿಸಿ, ಅದರ ಲೆಕ್ಕವನ್ನೆಲ್ಲ ಕಲಿತವಳು. ನೋಡಲು ಬಂದ ವರಗಳು ಅವಳ ಕೈಗೆ ಮೆತ್ತಿದ ಗ್ರೀಸು ಕಂಡು ಮೂಗು ಮುರಿಯುತ್ತಿದ್ದರು. ಅದಕ್ಕೇ ಒಗಟು ಕಟ್ಟಿದಳು. ತಲೆ ತೆಗೆಯುವ ಮಾತು ಮಾತ್ರ ಅವಳದಲ್ಲ. ಒಬ್ಬಳೇ ಮಗಳನ್ನು ಕಳಿಸಿಕೊಡಲು ಮನಸ್ಸಿಲ್ಲದ ಅರಸ, ಹೆದರಿ ಯಾರೂ ಬಾರದಿರಲಿ ಎಂದು ಅದನ್ನು ಸೇರಿಸಿದ್ದ.

ಆದರೂ ಬಂದರು. ಸೋಮವಾರ ಬಂದವನು ದಳವಾಯಿಯ ಮಗ ರಣಧೀರ. ಪದ್ಮಲೆ ಮೊದಲ ಒಗಟು ಹೇಳಿದಳು: "ಗಿಡ್ಡ ಸ್ಪ್ಯಾನರ್ ಹಿಡಿದರೆ ಚಕ್ರದ ನಟ್ಟು ಅಲುಗುವುದಿಲ್ಲ. ಅದೇ ಕೈ ಉದ್ದ ಸ್ಪ್ಯಾನರ್ ಹಿಡಿದರೆ ನಟ್ಟು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ನಟ್ಟನ್ನು ತಿರುಗಿಸಿದ್ದು ಯಾವುದು?"

"ತೋಳಿನ ಬಲ!" ಎಂದು ರಣಧೀರ ತೋಳು ಮಡಿಸಿ ತೋರಿಸಿದ. ಅವನನ್ನು ಸೆರೆಮನೆಗೆ ಕರೆದೊಯ್ದರು. ಮರುದಿನ ಜೋಯಿಸರ ಮಗ ತಿರುಮಲ ಬಂದು ಅದೇ ಒಗಟಿಗೆ, "ಬಲ ಅಲ್ಲ, ಉದ್ದ" ಎಂದ. "ಯಾರೂ ಮುಟ್ಟದೆ ಸ್ಪ್ಯಾನರ್ ತಾನೇ ತಿರುಗುತ್ತದೆಯೇ?" ಎಂದು ಪದ್ಮಲೆ ಕೇಳಿದಳು. ಅವನೂ ಸೆರೆಮನೆ ಸೇರಿದ.

ಪದ್ಮಲೆಗೆ ಅನ್ನ ಸೇರಲಿಲ್ಲ. ತನ್ನ ಒಗಟಿಗಾಗಿ ಎರಡು ಜೀವ ಹೋಗುತ್ತವಲ್ಲ ಎಂದು ಅಪ್ಪನ ಕಾಲು ಹಿಡಿದಳು.

"ಬಿಟ್ಟುಬಿಡಿ ಅಪ್ಪಾಜಿ."

"ಊರಿಗೆಲ್ಲ ಸಾರಿದ್ದನ್ನ ಹೇಗೆ ನುಂಗ್ಲಿ ಪುಟ್ಟೀ?" ಎಂದ ಅರಸ. ಅವನ ತಟ್ಟೆಯಲ್ಲೂ ಅನ್ನ ಹಾಗೇ ಉಳಿದಿತ್ತು.

ಗುರುವಾರ ಅರಸನ ಸಭೆಗೆ ಒಬ್ಬ ಗಾಣಿಗ ಬಂದು ಕೈಮುಗಿದು ನಿಂತ. ಹೆಸರು ಜೋತಪ್ಪ. ಮೈಯೆಲ್ಲ ಎಳ್ಳೆಣ್ಣೆಯ ವಾಸನೆ. ಅವನು ಬಾಯಿ ತೆರೆಯುವ ಮೊದಲೇ ಪದ್ಮಲೆ ತಡೆದಳು.

"ಹೋಗಿಬಿಡು. ಮನೆಯಲ್ಲಿ ತಾಯಿ ಇಲ್ಲವೇ ನಿನಗೆ?"

"ಅವ್ರೆ ಅಮ್ಮಣ್ಣಿ. ಅವ್ವನೇ ಕಳಿಸಿದ್ದು. ಯಾರ ಮಕ್ಕಳೋ ಸಾಯ್ತವ್ರಂತೆ, ನಿಂಗೆ ಗೊತ್ತಿದ್ರೆ ಹೋಗಿ ಹೇಳ್ಬಾ ಅಂದ್ಲು."

ಪದ್ಮಲೆ ಕಷ್ಟಪಟ್ಟು ಮೊದಲ ಒಗಟು ಹೇಳಿದಳು.

"ಬಲವೂ ಹೌದು, ಉದ್ದವೂ ಹೌದು," ಎಂದ ಜೋತಪ್ಪ. "ಗಾಣದಲ್ಲಿ ಎತ್ತಿನ ಬಲ ಒಂದು, ಎತ್ತು ಕಟ್ಟೋ ಮರದ ಉದ್ದ ಇನ್ನೊಂದು. ಒಂದರಿಂದ ಒಂದನ್ನ ಗುಣಿಸಿದ್ರೆ ಬರೋ ತಿರುಗುಬಲವೇ ಗಾಣ ತಿರುಗ್ಸೋದು. ಎರಡರಲ್ಲಿ ಒಂದು ಸೊನ್ನೆ ಆದ್ರೂ ಎಲ್ಲಾ ಸೊನ್ನೆ."

ಸಭೆ ಗುಜುಗುಟ್ಟಿತು. ಪದ್ಮಲೆ ಎರಡನೆಯದು ಕೇಳಿದಳು: "ಎಂಜಿನ್ನು ಒಂದು ಸುತ್ತು ತಿರುಗುವಷ್ಟರಲ್ಲಿ ಒಮ್ಮೆ ಜೋರಾಗಿ ಗುದ್ದುತ್ತದೆ, ಒಮ್ಮೆ ಮೆಲ್ಲಗೆ ತಳ್ಳುತ್ತದೆ, ಒಮ್ಮೆ ಸುಮ್ಮನಿರುತ್ತದೆ. ಕ್ಷಣಕ್ಕೊಂದು ತಿರುಗುಬಲ. ಒಂದು ಸುತ್ತಿನ ದುಡಿಮೆಯನ್ನು ಅಳೆಯುವುದು ಹೇಗೆ?"

"ನಮ್ಮೆತ್ತು ಮುದ್ದನೂ ಹಂಗೇ. ಕಣ್ಣು ಕಟ್ಟಿದ್ರೂ ಅವ್ವನ ಕೈಲಿರೋ ಬೆಲ್ಲದ ವಾಸನೆ ಹಿಡಿದು ಅತ್ತ ಜೋರಾಗಿ ಎಳೀತಾನೆ. ಅವಳನ್ನ ದಾಟಿದ್ಮೇಲೆ ಶುದ್ಧ ಸೋಮಾರಿ. ಅದಕ್ಕೇ ಸುತ್ತನ್ನ ಚೂರು ಚೂರು ಮಾಡ್ಬೇಕು. ಎಷ್ಟು ಸಣ್ಣ ಅಂದ್ರೆ, ಆ ಚೂರೊಳಗೆ ಬಲ ಬದಲಾಗೋಕೆ ಪುರಸೊತ್ತೇ ಇರಬಾರದು. ಪ್ರತಿ ಚೂರನ್ನೂ ಅಲ್ಲಿನ ತಿರುಗುಬಲದಿಂದ ಗುಣಿಸಿ ಎಲ್ಲಾ ಕೂಡಿಸಿದ್ರೆ ದುಡಿಮೆ ಸಿಗ್ತದೆ. ಚೂರು ಸಣ್ಣದಾದಷ್ಟೂ ಲೆಕ್ಕ ನಿಜಕ್ಕೆ ಹತ್ರ."

ಕಲನಶಾಸ್ತ್ರದ, ಅಂದರೆ ಬದಲಾಗುವ ಅಳತೆಗಳ ಲೆಕ್ಕದ, ದಪ್ಪ ಪುಸ್ತಕ ಹಿಡಿದು ಮೂರು ವರ್ಷ ಒದ್ದಾಡಿ ತಾನು ಕಲಿತದ್ದನ್ನು ಇವನು ಎತ್ತಿನ ಹಿಂದೆ ನಡೆದು ಕಲಿತಿದ್ದ. ಪದ್ಮಲೆಗೆ ಹೊಟ್ಟೆಕಿಚ್ಚಾಗಬೇಕಿತ್ತು. ಆದದ್ದು ಸಂತೋಷ. ಅಷ್ಟೇ ಭಯವೂ ಆಯಿತು; ಇನ್ನೂ ಒಂದು ಒಗಟು ಉಳಿದಿತ್ತು.

"ವೇಗ ಏರಿದಂತೆ, ಒಂದು ಹಂತ ದಾಟಿದ ಮೇಲೆ ತಿರುಗುಬಲ ಇಳಿಯತೊಡಗುತ್ತದೆ. ಆದರೂ ಎಂಜಿನ್ನಿನ ಶಕ್ತಿ, ಅಂದರೆ ಗಳಿಗೆಗೆ ಅದು ಮಾಡುವ ದುಡಿಮೆ, ಏರುತ್ತಲೇ ಇರುತ್ತದೆ. ಅದರ ಏರಿಕೆ ನಿಲ್ಲುವುದು ಎಲ್ಲಿ?"

ಜೋತಪ್ಪ ಬೆರಳು ಮಡಿಸುತ್ತ ಲೆಕ್ಕ ಹಾಕತೊಡಗಿದ. ಕಾವಲಿನವರು ಎರಡು ಹೆಜ್ಜೆ ಮುಂದೆ ಬಂದರು. ಹೇಳು, ಹೇಳು ಎಂದು ಪದ್ಮಲೆ ಒಳಗೊಳಗೇ ಬೇಡಿಕೊಂಡಳು.

"ಗಾಣದ ಮರದ ಮೇಲೆ ಕಲ್ಲು ಹೇರ್ತೀವಿ," ಎಂದು ನಿಧಾನವಾಗಿ ಶುರುಮಾಡಿದ. "ಅತಿಯಾಗಿ ಹೇರಿದ್ರೆ ಎತ್ತು ನಿಂತೇಬಿಡ್ತದೆ, ಎಷ್ಟು ಬಲ ಹಾಕಿದ್ರೂ ಎಣ್ಣೆ ಇಲ್ಲ. ಎಲ್ಲಾ ಇಳಿಸಿದ್ರೆ ಸುಮ್ನೆ ಓಡ್ತದೆ, ಆಗಲೂ ಎಣ್ಣೆ ಇಲ್ಲ. ಒಂದೊಂದೇ ಕಲ್ಲು ಇಳಿಸ್ತಾ ಬಂದ್ರೆ ಬಲ ಇಳೀತದೆ, ನಡಿಗೆ ಏರ್ತದೆ. ನಡಿಗೆಯಿಂದ ಬರೋದು ಬಲದಿಂದ ಹೋಗೋದಕ್ಕಿಂತ ಜಾಸ್ತಿ ಇರೋವರೆಗೂ ಎಣ್ಣೆ ಏರ್ತದೆ. ಇನ್ನೊಂದು ಚೂರು ವೇಗಕ್ಕೆ ಬರೋದೂ ಹೋಗೋದೂ ಸರಿಸಮ ಆಯ್ತದಲ್ಲ, ಎಣ್ಣೆ ಏರಿಕೆ ನಿಲ್ಲೋದು ಅಲ್ಲೇ, ಎಂಜಿನ್ನಿನ ಶಕ್ತಿ ಏರಿಕೆ ನಿಲ್ಲೋದೂ ಅಲ್ಲೇ. ಗುಡ್ಡದ ನೆತ್ತಿ ಇದ್ದಂಗೆ ಅಮ್ಮಣ್ಣಿ. ಅಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲ."

"ಸರಿಯೇನು ಪುಟ್ಟೀ?" ಎಂದ ಅರಸ.

"ಮೂರೂ ಸರಿ ಅಪ್ಪಾಜಿ," ಎನ್ನುವಷ್ಟರಲ್ಲಿ ಪದ್ಮಲೆಯ ಕಣ್ಣು ತುಂಬಿತ್ತು.

ಅರಸ ಸಿಂಹಾಸನದಿಂದ ಇಳಿದು ಬಂದ. ಮುಖ ಸಪ್ಪಗಾಗಿತ್ತು. "ಆಡಿದ ಮಾತು ಆಡಿದ್ದೇ. ಮಗಳನ್ನ ಕರಕೊಂಡು ಹೋಗಪ್ಪ."

"ಮೊದಲು ಸೆರೇಲಿರೋರನ್ನ ಬಿಡಿಸಿ ಬುದ್ಧಿ. ಒಬ್ರು ಬಲ ಅಂದ್ರು, ಒಬ್ರು ಉದ್ದ ಅಂದ್ರು. ಇಬ್ಬರದೂ ಅರ್ಧರ್ಧ ಸರಿ. ಅರ್ಧ ಸರಿ ಹೇಳ್ದೋರ ತಲೆ ತೆಗೆಯೋಕಾಯ್ತದಾ?"

ಇಂಥದೊಂದು ನೆಪಕ್ಕೇ ಕಾದಿದ್ದವನಂತೆ ಅರಸ ಉಸಿರುಬಿಟ್ಟು, ಬಿಡಿಸಿ ಎಂದು ಕೈಸನ್ನೆ ಮಾಡಿದ. "ಮತ್ತೆ ಮಗಳು?"

"ಅಮ್ಮಣ್ಣಿಯೋರ್ನ ಯಾರಾದ್ರೂ ಕೇಳಿದ್ರಾ ಬುದ್ಧಿ?"

ಯಾರೂ ಕೇಳಿರಲಿಲ್ಲ. ಜೋತಪ್ಪ ಅವಳತ್ತ ತಿರುಗಿದ. "ನಿಮಗೆ ಇಷ್ಟ ಇದ್ಯಾ ಅಮ್ಮಣ್ಣಿ? ಏನಂದ್ರೂ ಸರಿಯೇ. ಯಾರ ತಲೆಯೂ ಹೋಗಲ್ಲ."

ಪದ್ಮಲೆ ಅಳುತ್ತಲೇ ನಕ್ಕುಬಿಟ್ಟಳು. "ಇದೆ," ಎಂದಳು.

ಅರಸ ಕಣ್ಣೊರೆಸಿಕೊಂಡು, ಹುಟ್ಟಿದಾರಭ್ಯ ಅಪ್ಪಣೆ ಮಾಡಿಯೇ ಅಭ್ಯಾಸವಿದ್ದವನು, ಮೆಲ್ಲನೆ ಅಳಿಯನ ಕೈ ಹಿಡಿದು ಕೇಳಿದ:

"ಗಾಣಾನ ಅರಮನೆ ಹಿತ್ತಿಲಲ್ಲೇ ಹಾಕ್ಕೋಬಹುದಲ್ವೇನಪ್ಪಾ?"