ಎಡಗೈಯ ತುತ್ತು

“ಬುದ್ಧಿ, ನಮ್ಮ ತಂದೆಯನ್ನು ನಾಳೆ ಆಸ್ಪತ್ರೆಯಿಂದ ಮನೆಗೆ ಕರೆತರುತ್ತೇವೆ. ಲಕ್ವ ಹೊಡೆದು ಬಲಗಡೆ ಸ್ವಾಧೀನ ತಪ್ಪಿದೆ. ಹೊಸ ಮಂಚ ತಂದಿದ್ದೇನೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದೇನೆ. ತುತ್ತನ್ನೂ ನಾನೇ ಇಡುತ್ತೇನೆ, ಅವರು ಕೈ ಎತ್ತುವಂತಾಗಬಾರದು. ಇನ್ನೇನು ಸಿದ್ಧಮಾಡಿಕೊಳ್ಳಲಿ?”

ಹೀಗೆ ಕೇಳಿದವನು ತಿಪ್ಪೇಶ. ಮಠದಲ್ಲಿ ಓದಿ ಬೆಳೆದ ಶಿಷ್ಯ, ಒಳ್ಳೆಯ ಮಗ. ಗುರುಗಳು ಅವನನ್ನು ಅಕ್ಕರೆಯಿಂದ ನೋಡಿದರು.

“ಕೂತುಕೋ. ಕಂಬಿ ಹಾಕಿಸಿದ್ದು ಒಳ್ಳೆಯದಾಯಿತು. ಉಳಿದದ್ದಕ್ಕೆ ಒಂದು ಕತೆ ಹೇಳುತ್ತೇನೆ” ಎಂದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಮನೆಯಲ್ಲಿ ಊಟವೆಂದರೆ ಜನವೋ ಜನ. ಬಂದವರಿಗೆಲ್ಲ ತಾನೇ ನಿಂತು ಬಡಿಸುತ್ತಿದ್ದ. ಬೇಡ ಬೇಡ ಎಂದವರ ಎಲೆಗೆ ಇನ್ನೊಂದು ಸೌಟು ಹಾಕಿ, ಆಮೇಲೆ ತಾನೂ ಅವರ ಜೊತೆ ಕೂತು ಉಣ್ಣುತ್ತಿದ್ದ. ಅಂಥವನಿಗೆ ಒಂದು ದಿನ ಲಕ್ವ ಹೊಡೆಯಿತು. ಜೀವ ಉಳಿಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಾಯಿತು.

ಆಸ್ಪತ್ರೆಯ ನರ್ಸಮ್ಮ ಅವನನ್ನು ನೆಟ್ಟಗೆ ಕೂರಿಸಿ, ಎಡಗೈಯಲ್ಲಿ ಉಣ್ಣುವುದನ್ನು ಕಲಿಸಿದಳು. ಅಲ್ಲಿ ಅವನನ್ನು ಬಲ್ಲವರು ಯಾರೂ ಇರಲಿಲ್ಲ. ಅರ್ಧ ಚೆಲ್ಲಿ ಅರ್ಧ ತಿಂದ. ಮನೆಗೆ ಕಳಿಸುವಾಗ ಅವಳು ವ್ಯಾಪಾರಿಯ ಹೆಂಡತಿಗೆ, “ನೀವು ತುತ್ತು ಕೊಡಬೇಡಿ ಅಮ್ಮ. ಎಡಗೈಲಿ ಅವರೇ ತಿನ್ಲಿ. ಚೆಲ್ಲಿದ್ರೆ ಚೆಲ್ಲಲಿ” ಎಂದಳು. ಹೆಂಡತಿ ತಲೆಯಾಡಿಸಿದಳು.

ತಲೆಯಾಡಿಸುವುದು ಸುಲಭ. ಆದರೆ ಆ ಮನೆಯಲ್ಲಿ ಎಡಗೈಯಿಂದ ಅನ್ನ ಮುಟ್ಟಿದವರು ಒಬ್ಬರೂ ಇಲ್ಲ. ಚಿಕ್ಕಂದಿನಲ್ಲಿ ವ್ಯಾಪಾರಿ ಎಡಗೈ ಚಾಚಿದಾಗಲೆಲ್ಲ ಅವನ ತಾಯಿ ಆ ಕೈಗೆ ಒಂದೇಟು ಕೊಟ್ಟು ತಿದ್ದಿದ್ದಳು. ಅವನು ತನ್ನ ಮಕ್ಕಳನ್ನೂ ಹಾಗೆಯೇ ತಿದ್ದಿದ್ದ. ಈಗ ಅದೇ ಮಕ್ಕಳ ಮುಂದೆ ಆ ಕೈಯಲ್ಲಿ ಉಣ್ಣುವುದು ಹೇಗೆ? ಗಂಡನ ಮರ್ಯಾದೆ ಕಳೆಯಲು ಹೆಂಡತಿಗೆ ಮನಸ್ಸಾಗಲಿಲ್ಲ. ಅನ್ನ ಮೆತ್ತಗೆ ಕಲಸಿ, ಕೋಣೆಯ ಬಾಗಿಲು ಮುಂದೆ ಮಾಡಿ, ತಾನೇ ತುತ್ತಿಟ್ಟಳು. ಪಾಪ, ಅವಳದೂ ಪ್ರೀತಿಯೇ.

ಅವನು ಎರಡು ತುತ್ತು ತಿಂದು ಸಾಕು ಎಂದ. ಮರುದಿನವೂ ಸಾಕು ಎಂದ. ಬರಬರುತ್ತಾ ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗತೊಡಗಿದ. ಮೈ ಇಳಿಯಿತು. ಆಸ್ಪತ್ರೆಯಲ್ಲಿ ಉಳಿದ ಜೀವ ಮನೆಯಲ್ಲಿ ಹೋಗುತ್ತದೇನೋ ಎಂದು ಎಲ್ಲರಿಗೂ ಭಯವಾಯಿತು. ಸಾರು ಖಾರವಾಯಿತೇನೋ ಎಂದರು, ಅನ್ನ ಗಟ್ಟಿಯಾಯಿತೇನೋ ಎಂದರು, ಶ್ಯಾವಿಗೆ ಪಾಯಸ ಮಾಡಿದರು. ಪಾಯಸವನ್ನೂ ಎರಡು ಗುಟುಕಿಗೇ ಸಾಕು ಎಂದ.

ಒಂದು ಮಧ್ಯಾಹ್ನ ಅವನ ತಾಯಿ ಕೋಣೆಯ ಬಳಿ ಬಂದಳು. ಮಂಚದ ಪಕ್ಕದ ಬಟ್ಟಲಲ್ಲಿ ಬೆಲ್ಲದ ಚೂರುಗಳಿದ್ದವು. ಯಾರೂ ಇಲ್ಲವೆಂದುಕೊಂಡು ಮಗ ಎಡಗೈಯಿಂದ ಒಂದು ಚೂರು ಎತ್ತಿದ್ದ. ಹೆಜ್ಜೆಯ ಸದ್ದು ಕೇಳಿದ್ದೇ ಚೂರನ್ನು ಬಿಟ್ಟು ಕೈಯನ್ನು ಹೊದಿಕೆಯೊಳಗೆ ಅಡಗಿಸಿದ. ಏಟು ಬೀಳುತ್ತದೆಂದು ಚಿಕ್ಕಂದಿನಲ್ಲಿ ಅಡಗಿಸುತ್ತಿದ್ದನಲ್ಲ, ಹಾಗೆಯೇ. ಮುದುಕಿ ಅದನ್ನು ಕಂಡಳು. ಏನೂ ಕಾಣದವಳಂತೆ ಹೊರಟುಹೋದಳು.

ಮರುದಿನ ಊಟದ ಹೊತ್ತಿಗೆ ಅವಳು ಮಗನನ್ನು ಎಲ್ಲರ ನಡುವೆ ಕುರ್ಚಿಯಲ್ಲಿ ಕೂರಿಸಿದಳು. ಅವನ ಪಕ್ಕದಲ್ಲೇ ತನ್ನ ತಟ್ಟೆ ಹಾಕಿಸಿಕೊಂಡಳು. ಬಲಗೈಯನ್ನು ಸೆರಗಿನೊಳಗೆ ಸುತ್ತಿ, ಎಡಗೈಯಿಂದ ಅನ್ನಕ್ಕೆ ಸಾರು ಕಲಸಿದಳು. ಮನೆಯವರು ಬೆಪ್ಪಾಗಿ ನೋಡಿದರು. ಮೊದಲ ತುತ್ತು ಬಾಯಿಗೆ ಹೋಗದೆ ಮಡಿಲಿಗೆ ಬಿತ್ತು. ಇನ್ನೊಂದು ಗಲ್ಲಕ್ಕೆ ಮೆತ್ತಿತು.

“ನಂಗೆ ಬರ್ತಿಲ್ಲ ಕಣೋ. ನೀನು ಆಸ್ಪತ್ರೇಲಿ ಕಲ್ತು ಬಂದಿದ್ದೀಯಂತೆ, ಸ್ವಲ್ಪ ತೋರ್ಸು” ಎಂದಳು.

ವ್ಯಾಪಾರಿ ತಾಯಿಯ ಗಲ್ಲದ ಮೇಲಿನ ಅನ್ನವನ್ನು ನೋಡಿದ. ಅವನ ಬಾಯಿಯ ಒಂದು ಕಡೆ ಮಾತ್ರ ನಕ್ಕಿತು. ಎಡಗೈ ಮೆಲ್ಲಗೆ ತಟ್ಟೆಗೆ ಬಂತು.

“ಸಣ್ಣ... ಸಣ್ಣ ತುತ್ತು, ಅವ್ವ” ಎಂದ.

ಅಂದು ಆ ಮನೆಯವರೆಲ್ಲ ಎಡಗೈಯಲ್ಲೇ ಉಂಡರು. ಎಷ್ಟು ಚೆಲ್ಲಿದರೋ ಲೆಕ್ಕವಿಲ್ಲ. ವ್ಯಾಪಾರಿ ಮಾತ್ರ ಎರಡನೆಯ ಸಲ ಅನ್ನ ಹಾಕಿಸಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ತಿಪ್ಪೇಶನ ಕಣ್ಣು ತುಂಬಿತ್ತು. ಅರ್ಥವಾಯಿತು ಎಂದು ತಲೆಯಾಡಿಸಿ, ಎದ್ದು ನಮಸ್ಕರಿಸಿದ. ಗುರುಗಳು ಪೂಜೆಯ ಬಾಳೆಹಣ್ಣೊಂದನ್ನು ಪ್ರಸಾದವೆಂದು ಎತ್ತಿಕೊಂಡರು. ಅವನು ಭಕ್ತಿಯಿಂದ ಬಲಗೈ ಒಡ್ಡಿದ.

ಗುರುಗಳು ಹಣ್ಣನ್ನು ಕೊಡಲಿಲ್ಲ.

“ಆ ಕೈ ಅಲ್ಲ ಮಗು, ನಾಳೆ ನಿಮ್ಮಪ್ಪ ಚಾಚಬೇಕಾದ ಕೈ ಒಡ್ಡು” ಎಂದರು.